ಮತ್ತೆ ನೀರಿಗೆ: ಗ್ರೆನಾಡಾದಲ್ಲಿ ಹಾಯಿದೋಣಿಯನ್ನು ಹೊಸ ಸೀಸನ್ನಿಗೆ ಅಣಿ ಮಾಡುವ ಸಮಗ್ರ ಮಾರ್ಗದರ್ಶಿ

ನಾನು ಬೆಳೆದದ್ದು ಗಂಗೊಳ್ಳಿ ಕಡೆ. ಜೂನ್ 1 ಬಂತೆಂದರೆ ಅಲ್ಲಿ ಯಾಂತ್ರಿಕ ಬೋಟುಗಳೆಲ್ಲ ಬಂದರಿಗೆ ವಾಪಸ್. ಜುಲೈ 31ರ ತನಕ, ಒಟ್ಟು 61 ದಿನ, ಕಡಲಿಗೆ ಇಳಿಯುವಂತಿಲ್ಲ. ಬೋಟಿಗೆ ಬಣ್ಣ, ಬಲೆಗೆ ಹೊಲಿಗೆ, ಎಂಜಿನ್ನಿಗೆ ರಿಪೇರಿ ಎಲ್ಲ ಆಗ. ಈಗ ನಾನೂ ಇವರೂ ಕೆರಿಬಿಯನ್ನಿನಲ್ಲಿ 38 ಅಡಿಯ ಹಾಯಿದೋಣಿಯಲ್ಲೇ ಸಂಸಾರ ಹೂಡಿದ್ದೇವೆ. ಕೆಲಸ ಅದೇ. ಕ್ಯಾಲೆಂಡರ್ ಮಾತ್ರ ಬೇರೆ.

ಇಲ್ಲಿ ಜೂನ್ 1ರಿಂದ ನವೆಂಬರ್ 30ರ ತನಕ ಚಂಡಮಾರುತದ ಕಾಲ. ಗ್ರೆನಾಡಾ ಇರುವುದು ಸುಮಾರು 12 ಡಿಗ್ರಿ ಉತ್ತರದಲ್ಲಿ. ಚಂಡಮಾರುತಗಳು ಜಾಸ್ತಿ ಓಡಾಡುವ ದಾರಿ ಇದಕ್ಕಿಂತ ಮೇಲೆ. ಅದಕ್ಕೇ ನಮ್ಮಂಥವರು ದೋಣಿಯನ್ನು ಇಲ್ಲಿ ನೆಲಕ್ಕೆ ಎತ್ತಿಸಿ ಊರಿಗೆ ಹೋಗುತ್ತೇವೆ. ಹಾಗಂತ ಪೂರ್ತಿ ನೆಮ್ಮದಿಯೇನೂ ಇಲ್ಲ. 2004ರ ಸೆಪ್ಟೆಂಬರ್ 7ರಂದು ಐವನ್ ಚಂಡಮಾರುತ ಬಂದಾಗ ಯಾರ್ಡಿನಲ್ಲಿ ನಿಲ್ಲಿಸಿದ್ದ ದೋಣಿಗಳು ಒಂದರ ಮೇಲೊಂದು ಬಿದ್ದವು. 2024ರ ಜುಲೈ 1ರಂದು ಬೆರಿಲ್ ಪಕ್ಕದ ಕ್ಯಾರಿಯಕೂ ದ್ವೀಪವನ್ನು ನೆಲಸಮ ಮಾಡಿತು.

ನಾವು ಅಕ್ಟೋಬರ್ ಮೊದಲ ವಾರ ವಾಪಸ್ ಬರುತ್ತೇವೆ. ಅಲ್ಲಿಂದ ದೋಣಿ ಕ್ಯಾರಿಯಕೂ ತಲುಪುವ ತನಕ ಏನೇನು ಮಾಡುತ್ತೇವೆ, ಯಾವ ಕ್ರಮದಲ್ಲಿ ಮಾಡುತ್ತೇವೆ ಎಂಬುದು ಇಲ್ಲಿದೆ.

ಮೊದಲು ದಿನದ ಲೆಕ್ಕ

ಕೊನೆಯಿಂದ ಹಿಂದಕ್ಕೆ ಎಣಿಸಿ. ಡಿಸೆಂಬರ್ ಮಧ್ಯದಿಂದ ಇಲ್ಲಿ ಕ್ರಿಸ್‌ಮಸ್ ಗಾಳಿ ಶುರು. ಸಾಮಾನ್ಯವಾಗಿ 15-20 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಬೀಸುವ ಪೂರ್ವದ ಗಾಳಿ ಆಗ 25-30ಕ್ಕೆ ಏರಿ ದಿನಗಟ್ಟಲೆ ಇಳಿಯುವುದಿಲ್ಲ. ಅದಕ್ಕೆ ಮೊದಲೇ ಉತ್ತರಕ್ಕೆ ಒಂದೆರಡು ಹೆಜ್ಜೆ ಇಟ್ಟಿರಬೇಕು. ಹಾಗಾದರೆ ನವೆಂಬರ್ ಮಧ್ಯಕ್ಕೆ ದೋಣಿ ನೀರಲ್ಲಿರಬೇಕು. ಟ್ರಾವೆಲ್ ಲಿಫ್ಟ್, ಅಂದರೆ ಪಟ್ಟಿಯಲ್ಲಿ ದೋಣಿ ಎತ್ತುವ ದೊಡ್ಡ ಕ್ರೇನ್, ಆ ದಿನಗಳಲ್ಲಿ ಎಲ್ಲರಿಗೂ ಬೇಕು. ಊರಿನಿಂದ ಹೊರಡುವ ಮೊದಲೇ ದಿನ ಬುಕ್ ಮಾಡಿಬಿಡಿ.

ವಿಮೆಯ ಪಾಲಿಸಿಯನ್ನು ಒಮ್ಮೆ ಪೂರ್ತಿ ಓದಿ. ಯಾವ ತಾರೀಕಿನ ತನಕ ಯಾವ ಅಕ್ಷಾಂಶದ ಮೇಲೆ ಹೋಗಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಅವಸರ ಬೇಡ. 1999ರಲ್ಲಿ ಲೆನ್ನಿ ಬಂದದ್ದು ನವೆಂಬರ್ ಮಧ್ಯದಲ್ಲಿ, ಅದೂ ಪಶ್ಚಿಮದಿಂದ ಪೂರ್ವಕ್ಕೆ. ಈ ದ್ವೀಪಗಳಲ್ಲಿ ನಾವು ಲಂಗರು ಹಾಕುವುದು ಹೆಚ್ಚಾಗಿ ಪಶ್ಚಿಮದ ಮಗ್ಗುಲಲ್ಲಿ, ಗಾಳಿಯ ಮರೆಯಲ್ಲಿ. ಲೆನ್ನಿಯ ಅಲೆ ಹೊಡೆದದ್ದು ಸರಿಯಾಗಿ ಅಲ್ಲಿಗೇ.

ಇನ್ನೊಂದು ಮಾತು. ಅಕ್ಟೋಬರಿನಲ್ಲಿ ದೋಣಿಯನ್ನು ನೆಲಕ್ಕೆ ಬಿಗಿದಿರುವ ಪಟ್ಟಿಗಳನ್ನು ಕೆಲಸಕ್ಕೆ ಅಡ್ಡ ಎಂದು ಬಿಚ್ಚಬೇಡಿ. ಇಳಿಸುವ ದಿನ ಬಿಚ್ಚಿದರೆ ಸಾಕು.

ಎರಡು ಪಟ್ಟಿ ಬರೆಯಿರಿ

ಮೊದಲ ವರ್ಷ ನಾವು ಮಾಡಿದ ತಪ್ಪು ಹೇಳುತ್ತೇನೆ. ಕ್ಯಾಬಿನ್ನಿನ ಮರಕ್ಕೆ ವಾರ್ನಿಶ್ ಹೊಡೆದೆವು. ದಿಂಬಿಗೆ ಹೊಸ ಕವರ್ ಹೊಲಿದೆವು. ಹಿತ್ತಾಳೆ ದೀಪ ತಿಕ್ಕಿದೆವು. ಫೋಟೊ ತೆಗೆದು ಊರಿಗೆ ಕಳಿಸಿದ್ದೂ ಆಯಿತು. ನೀರಿಗಿಳಿಯುವ ಹಿಂದಿನ ಸಂಜೆ ಇವರು ಟಾಯ್ಲೆಟ್ಟಿನ ತಳದ ನಲ್ಲಿ ತಿರುಗಿಸಲು ಹೋದರೆ ಅದು ಅಲ್ಲಾಡುತ್ತಿಲ್ಲ. ದಿನ ತಪ್ಪಿತು. ಮುಂದಿನ ಸರದಿ ಸಿಕ್ಕಿದ್ದು ಒಂಬತ್ತು ದಿನ ಆದ ಮೇಲೆ. ಯಾರ್ಡಿನ ಬಾಡಿಗೆ ದಿನದ ಲೆಕ್ಕದಲ್ಲಿ, ನೆನಪಿರಲಿ.

ಈಗ ಮೊದಲ ದಿನವೇ ಎರಡು ಪಟ್ಟಿ ಮಾಡುತ್ತೇವೆ. ಒಂದು, ದೋಣಿ ನೆಲದ ಮೇಲಿದ್ದಾಗ ಮಾತ್ರ ಆಗುವ ಕೆಲಸ. ಇನ್ನೊಂದು, ನೀರಲ್ಲಿ ತೇಲುತ್ತಾ ಇದ್ದಾಗಲೂ ಆಗುವ ಕೆಲಸ. ಮೊದಲ ಪಟ್ಟಿ ಮುಗಿಯುವ ತನಕ ಎರಡನೆಯದನ್ನು ಮುಟ್ಟುವುದಿಲ್ಲ. ವಾರ್ನಿಶ್, ಹೊಲಿಗೆ, ಸ್ಪೀಕರ್ ಎಲ್ಲ ಎರಡನೇ ಪಟ್ಟಿ. ಕೇಳಲು ಸುಲಭ. ಮಳೆ ಬಂದು ಹೊರಗೆ ಕೆಲಸ ನಿಂತಾಗ ವಾರ್ನಿಶ್ ಡಬ್ಬಿ ಕರೆಯುತ್ತದೆ, ಆಗ ಗಟ್ಟಿ ಇರಬೇಕು.

ಬಾಗಿಲು ತೆರೆದ ದಿನ

ಬೂಷ್ಟಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಹೆದರಬೇಡಿ. ಎಲ್ಲ ಕಿಂಡಿ, ಕಪಾಟು ತೆರೆದಿಡಿ. ಬಿಳಿ ವಿನೆಗರ್‌ನಲ್ಲಿ ಬಟ್ಟೆ ಅದ್ದಿ ಒರೆಸಿ. ಬ್ಲೀಚ್ ಹಾಕಿದರೆ ಕಲೆ ಹೋಗುತ್ತದೆ, ಆದರೆ ಬಟ್ಟೆ, ಸ್ಟೀಲ್ ಎರಡೂ ಹಾಳು. ಜಿರಲೆಗೆ ಬೋರಿಕ್ ಪುಡಿ ಮತ್ತು ಸಕ್ಕರೆ ಕಲಸಿ ಮೂಲೆಗಿಡಿ. ಅಂಗಡಿಯ ರಟ್ಟಿನ ಡಬ್ಬಿಯನ್ನು ಯಾವತ್ತೂ ದೋಣಿಯೊಳಗೆ ತರಬೇಡಿ. ಜಿರಲೆ ಮೊಟ್ಟೆ ಬರುವುದೇ ಅದರಲ್ಲಿ.

ಮಲಗುವ ಮೊದಲು ಬ್ಯಾಟರಿಯ ವೋಲ್ಟ್ ನೋಡಿ. ಲೆಡ್ ಆಸಿಡ್ ಬ್ಯಾಟರಿ ಸುಮ್ಮನೆ ಇದ್ದಾಗ 12.7 ತೋರಿಸಿದರೆ ತುಂಬಿದೆ. 12.2 ಅಂದರೆ ಅರ್ಧ. 11.8ಕ್ಕಿಂತ ಕೆಳಗೆ ತಿಂಗಳುಗಟ್ಟಲೆ ಬಿದ್ದಿದ್ದರೆ ಅದರ ಆಸೆ ಬಿಡುವುದು ಒಳ್ಳೆಯದು.

ತಳದ ತೂತುಗಳು

ಪ್ರತಿ ದೋಣಿಯ ತಳದಲ್ಲೂ ನಾವೇ ಕೊರೆದ ತೂತುಗಳಿರುತ್ತವೆ. ಎಂಜಿನ್ ತಣಿಸಲು ನೀರು ಬರಲಿಕ್ಕೆ ಒಂದು, ಸಿಂಕಿನ ನೀರು ಹೋಗಲಿಕ್ಕೆ ಒಂದು, ಟಾಯ್ಲೆಟ್ಟಿಗೆ ಎರಡು. ನಮ್ಮದರಲ್ಲಿ ಒಟ್ಟು ಏಳು. ಪ್ರತಿಯೊಂದಕ್ಕೂ ಒಂದು ನಲ್ಲಿ. ದೋಣಿಯವರ ಭಾಷೆಯಲ್ಲಿ ಸೀಕಾಕ್. ನನ್ನ ಲೆಕ್ಕದಲ್ಲಿ ಇಡೀ ತಯಾರಿಯಲ್ಲಿ ಮೊದಲ ಕೆಲಸ ಇದೇ.

ಒಂದೊಂದನ್ನೂ ಪೂರ್ತಿ ತೆರೆದು ಮುಚ್ಚಿ. ಬಿಗಿಯಾಗಿದ್ದರೆ ಹಿಡಿಗೆ ಪೈಪ್ ಹಾಕಿ ಬಲ ಬಿಡಬೇಡಿ, ಮುರಿಯುತ್ತದೆ. ಒಬ್ಬರು ಹೊರಗಿನಿಂದ ಉದ್ದ ಬ್ರಷ್ಷಿನಲ್ಲಿ ತೂತಿನೊಳಗಿನ ಚಿಪ್ಪುಹುಳ ಕೆರೆದು ಗ್ರೀಸ್ ಸವರಿ. ಇನ್ನೊಬ್ಬರು ಒಳಗಿನಿಂದ ಮೆಲ್ಲಗೆ ಆಡಿಸಿ. ಆಮೇಲೆ ಲೋಹದ ಬಣ್ಣ ನೋಡಿ. ಚಾಕುವಿನ ತುದಿಯಿಂದ ಒಂಚೂರು ಕೆರೆದಾಗ ಹಳದಿ ಹೊಳೆದರೆ ಸರಿ. ಗುಲಾಬಿ ಕಂಡರೆ ಅದರೊಳಗಿನ ಸತು ಕರಗಿ ಹೋಗಿದೆ ಎಂದರ್ಥ. ನೋಡಲು ಗಟ್ಟಿ, ಆದರೆ ಸುತ್ತಿಗೆಯ ಸಣ್ಣ ಏಟಿಗೆ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಯೋಚನೆಯೇ ಬೇಡ, ಬದಲಿಸಿ.

ನಲ್ಲಿಗೆ ಸೇರುವ ಹೋಸ್ ಪೈಪನ್ನು ಹಿಸುಕಿ. ಬಿರುಕು ಬಿಟ್ಟಿದ್ದರೆ ಅಥವಾ ಪೂರ್ತಿ ಗಟ್ಟಿಯಾಗಿದ್ದರೆ ಹೊಸದು. ಜಾಗ ಇದ್ದಲ್ಲೆಲ್ಲ ಎರಡೆರಡು ಕ್ಲಿಪ್, ಸುಲಭಕ್ಕೆ ತುಕ್ಕು ಹಿಡಿಯದ 316 ದರ್ಜೆಯ ಸ್ಟೀಲಿನವು. ಕೊನೆಗೆ ಪ್ರತಿ ನಲ್ಲಿಯ ಪಕ್ಕಕ್ಕೂ ಅದರ ಅಳತೆಯ ಮೆತ್ತನೆಯ ಮರದ ಬೆಣೆಯೊಂದನ್ನು ದಾರದಲ್ಲಿ ಕಟ್ಟಿಡಿ. ರಾತ್ರಿ ಎರಡು ಗಂಟೆಗೆ ಪೈಪ್ ಕಳಚಿದರೆ ಹುಡುಕುತ್ತಾ ಕೂರಲು ಆಗಲ್ಲ, ಅಲ್ವಾ?

ಪ್ರೊಪೆಲ್ಲರ್ ಶಾಫ್ಟ್ ಹೊರಗೆ ಹೋಗುವ ಜಾಗವೂ ಇದೇ ಪಟ್ಟಿಗೆ ಸೇರುತ್ತದೆ. ಹಳೆಯ ಮಾದರಿಯ ಸೀಲ್ ಆದರೆ ಎಂಜಿನ್ ಓಡುವಾಗ ನಿಮಿಷಕ್ಕೆ ಕೆಲವು ಹನಿ ಬೀಳಬೇಕು, ಪೂರ್ತಿ ಬಿಗಿದರೆ ಶಾಫ್ಟ್ ಸವೆಯುತ್ತದೆ. ಹೊಸ ಮಾದರಿಯ ರಬ್ಬರ್ ಸೀಲ್ ಆದರೆ ನೀರಿಗಿಳಿದ ಕೂಡಲೇ ಕೈಯಿಂದ ಹಿಸುಕಿ ಒಳಗಿನ ಗಾಳಿ ಬಿಡಿಸಬೇಕು, ನೀರು ಚಿಮ್ಮುವ ತನಕ. ಮರೆತರೆ ಒಣಗಿದ ಸೀಲ್ ಎಂಜಿನ್ ಓಡುವಾಗ ಸುಟ್ಟುಹೋಗುತ್ತದೆ.

ತಳಕ್ಕೆ ಬಣ್ಣ

ಈ ಬಣ್ಣ ಚಂದಕ್ಕಲ್ಲ. ಅದರಲ್ಲಿ ತಾಮ್ರ ಇರುತ್ತದೆ, ಪಾಚಿ ಮತ್ತು ಚಿಪ್ಪುಹುಳ ಅಂಟದಂತೆ ತಡೆಯುತ್ತದೆ. ಎಷ್ಟು ಬೇಕು ಎಂದು ಲೆಕ್ಕ ಹಾಕಲು ಒಂದು ಸೂತ್ರವಿದೆ. ದೋಣಿಯ ಅಗಲಕ್ಕೆ ನೀರೊಳಗಿನ ಆಳ ಕೂಡಿಸಿ, ನೀರಿನ ಗೆರೆಯ ಉದ್ದದಿಂದ ಗುಣಿಸಿ, ಅದರ ಮುಕ್ಕಾಲು ತೆಗೆದುಕೊಳ್ಳಿ. ನಮ್ಮದು 9.8 ಮೀಟರ್ ಉದ್ದ, 3.7 ಅಗಲ, 1.8 ಆಳ. ಲೆಕ್ಕ ಸುಮಾರು 40 ಚದರ ಮೀಟರಿಗೆ ಬರುತ್ತದೆ. ಲೀಟರಿಗೆ 10 ಚದರ ಮೀಟರ್ ಎಂದು ಹಿಡಿದರೆ ಒಂದು ಕೋಟ್ ಬಳಿಯಲು 4 ಲೀಟರ್. ಎರಡು ಕೋಟು, ಅಂಚುಗಳಿಗೆ ಮೂರನೆಯದು, ಒಟ್ಟು 9 ಲೀಟರ್.

ಹಳೆಯ ಬಣ್ಣವನ್ನು ನೀರು ಹಾಕಿಯೇ ಉಜ್ಜಿ. ಒಣಗಿದ್ದನ್ನು ಉಜ್ಜಿದರೆ ಏಳುವ ಧೂಳು ವಿಷ. ಮಾಸ್ಕ್, ಕನ್ನಡಕ, ಉದ್ದ ತೋಳಿನ ಅಂಗಿ ಇಲ್ಲದೆ ಶುರು ಮಾಡಬೇಡಿ. ಅಕ್ಟೋಬರ್, ನವೆಂಬರಿನಲ್ಲಿ ಇಲ್ಲಿ ಮಳೆ ಇದ್ದೇ ಇರುತ್ತದೆ. ತಳ ಪೂರ್ತಿ ಒಣಗಿ, ನಾಲ್ಕೈದು ಗಂಟೆ ಮಳೆ ಇಲ್ಲವೆಂದು ಕಂಡಾಗ ರೋಲರ್ ಎತ್ತಿ. ಮುಂಭಾಗದ ಅಂಚು, ಚುಕ್ಕಾಣಿ, ನೀರಿನ ಗೆರೆ ಇವು ಬೇಗ ಸವೆಯುವ ಜಾಗ. ಮೂರನೇ ಕೋಟು ಅಲ್ಲಿಗೆ.

ಬಣ್ಣ ತಾಗಬಾರದ ಜಾಗಗಳೂ ಇವೆ. ತುಕ್ಕಿನಿಂದ ಕಾಪಾಡಲು ಹಾಕುವ ಸತುವಿನ ಗಟ್ಟಿ, ಅಂದರೆ ಆನೋಡ್, ಅದಕ್ಕೆ ಬಣ್ಣ ಬಳಿದರೆ ಕೆಲಸವೇ ಮಾಡುವುದಿಲ್ಲ. ಆಳ ಅಳೆಯುವ ಸೆನ್ಸರ್‌ಗೂ ಈ ಬಣ್ಣ ಬೇಡ. ಎಂಜಿನ್ನಿನಿಂದ ನೇರ ತಳಕ್ಕೆ ಇಳಿದು ಪ್ರೊಪೆಲ್ಲರ್ ತಿರುಗಿಸುವ ಅಲ್ಯುಮಿನಿಯಂ ಸೇಲ್‌ಡ್ರೈವ್ ಇದ್ದರೆ ತಾಮ್ರದ ಬಣ್ಣ ಅದನ್ನು ತಿಂದುಹಾಕುತ್ತದೆ. ಆನೋಡ್ ಅರ್ಧ ಕರಗಿದ್ದರೆ ಹೊಸದು ಹಾಕಿ. ಅದು ಕೂರುವ ಜಾಗದ ಲೋಹ ಹೊಳೆಯುವಂತೆ ಉಜ್ಜಿ, ಇಲ್ಲದಿದ್ದರೆ ಸಂಪರ್ಕ ಸಿಗುವುದಿಲ್ಲ.

ಮಾಸ್ಟ್, ತಂತಿ, ಹಾಯಿ

ಮಾಸ್ಟ್, ಅಂದರೆ ಹಾಯಿಯ ಕಂಬ, ಹತ್ತುವುದು ಇಬ್ಬರ ಕೆಲಸ. ನಮ್ಮಲ್ಲಿ ಹತ್ತುವವಳು ನಾನು, ತೂಕ ಕಡಿಮೆ. ಇವರು ಕೆಳಗೆ ವಿಂಚ್, ಅಂದರೆ ಹಗ್ಗ ಎಳೆಯುವ ರಾಟೆ, ತಿರುಗಿಸುತ್ತಾರೆ. ಕೂರುವ ಪಟ್ಟಿಗೆ ಎರಡು ಬೇರೆ ಬೇರೆ ಹಗ್ಗ ಕಟ್ಟಿ, ಎರಡನ್ನೂ ಗಂಟು ಹಾಕಿ. ಕೊಕ್ಕೆ ನಂಬಬೇಡಿ. ಮೇಲೆ ಯಾರಾದರೂ ಇರುವಾಗ ಕೆಳಗಿರುವವರು ಫೋನ್ ಮುಟ್ಟಬಾರದು. ನಮ್ಮ ದೋಣಿಯಲ್ಲಿ ಇದು ಕಾನೂನು. ಮಾಸ್ಟಿನ ನೇರ ಕೆಳಗೂ ನಿಲ್ಲಬಾರದು, ಸ್ಪ್ಯಾನರ್ ಬೀಳುತ್ತದೆ.

ಮೇಲೆ ನೋಡಬೇಕಾದದ್ದು ಮಾಸ್ಟನ್ನು ಎಳೆದು ನಿಲ್ಲಿಸಿರುವ ತಂತಿ ಮತ್ತು ಅದರ ತುದಿಯ ಹಿಡಿತ. 19 ಎಳೆಯ ಸ್ಟೀಲ್ ತಂತಿಯನ್ನು ಟಿಶ್ಯೂ ಪೇಪರಿನಲ್ಲಿ ಹಿಡಿದು ಸವರಿಕೊಂಡು ಬನ್ನಿ. ಒಂದೆಳೆ ಮುರಿದಿದ್ದರೂ ಪೇಪರ್ ಸಿಕ್ಕಿಕೊಳ್ಳುತ್ತದೆ. ಬರಿಗೈ ಬೇಡ, ಹೊಲಿಗೆ ಹಾಕಿಸಿಕೊಳ್ಳಬೇಕಾದೀತು. ಹೆಚ್ಚಾಗಿ ಮುರಿಯುವುದು ತಂತಿ ಹಿಡಿತದೊಳಗೆ ಹೋಗುವ ಜಾಗದಲ್ಲಿ. ಅಲ್ಲಿ ಭೂತಗನ್ನಡಿ ಹಿಡಿದು ಕೂದಲೆಳೆಯ ಬಿರುಕಿಗಾಗಿ ಹುಡುಕಿ. ತುಕ್ಕಿನ ಗೆರೆ ಕಂಡರೆ ಮೊದಲು ಉಜ್ಜಿ, ಆಮೇಲೆ ನೋಡಿ. ಒಂದೆಳೆ ಹೋಗಿದ್ದರೂ ಆ ತಂತಿ ಬದಲಿಸಬೇಕು. ಹತ್ತು ವರ್ಷ ದಾಟಿದ ತಂತಿಯ ಬಗ್ಗೆ ವಿಮೆಯವರೂ ಕೇಳುತ್ತಾರೆ. ಹಾಗೇ ಮಾಸ್ಟಿನ ತುದಿಯ ದೀಪ ಉರಿಯುತ್ತದಾ, ವಿಎಚ್‌ಎಫ್ ರೇಡಿಯೊದ ಆಂಟೆನಾ ಗಟ್ಟಿ ಇದೆಯಾ ಎಂದು ನೋಡಿಯೇ ಇಳಿಯಿರಿ. ಇನ್ನೊಮ್ಮೆ ಹತ್ತುವ ಆಸೆ ಯಾರಿಗೂ ಇರಲ್ಲ.

ವಿಂಚ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯಿರಿ. ಹಲ್ಲುಗಾಲಿಗೆ ತೆಳ್ಳಗೆ ಗ್ರೀಸ್. ಒಳಗಿನ ಪುಟ್ಟ ಕೀಲಿಗಳಿಗೆ ಗ್ರೀಸ್ ಹಾಕಲೇಬಾರದು, ಎಣ್ಣೆ ಮಾತ್ರ. ಗ್ರೀಸಿಗೆ ಅವು ಅಂಟಿಕೊಂಡರೆ ಹಿಡಿ ಹಿಂದಕ್ಕೆ ತಿರುಗಿ ಮಣಿಕಟ್ಟು ಮುರಿಯುತ್ತದೆ. ಬಿಚ್ಚುವಾಗ ಸುತ್ತ ಒಂದು ದೊಡ್ಡ ಬೋಗುಣಿ ಇಟ್ಟುಕೊಳ್ಳಿ. ಆ ಸ್ಪ್ರಿಂಗುಗಳು ಸಮುದ್ರಕ್ಕೇ ಹಾರುವುದು.

ಹಾಯಿಯ ಬಟ್ಟೆಗಿಂತ ಮೊದಲು ಸಾಯುವುದು ಅದರ ದಾರ. ಬಿಸಿಲು ತಿಂದಿರುತ್ತದೆ. ಹೊಲಿಗೆಯ ಮೇಲೆ ಹೆಬ್ಬೆರಳಿನ ಉಗುರಿನಿಂದ ಗಟ್ಟಿಯಾಗಿ ಕೆರೆಯಿರಿ. ದಾರ ಎದ್ದು ಬಂದರೆ ಹಾಯಿ ರಿಪೇರಿಯವರಿಗೆ ಅಕ್ಟೋಬರಿನಲ್ಲೇ ಕೊಟ್ಟುಬಿಡಿ. ನವೆಂಬರಿನಲ್ಲಿ ಅವರ ಬಳಿ ಸಾಲು ಇರುತ್ತದೆ. ಹಗ್ಗಗಳನ್ನು ಸಿಹಿನೀರಿನಲ್ಲಿ ನೆನೆಸಿ ಉಪ್ಪು ತೆಗೆಯಿರಿ. ಹಾಯಿ ಎತ್ತುವ ಹಗ್ಗದ ತಲೆ ಬಾಲ ಅದಲು ಬದಲು ಮಾಡಿದರೆ ಸವೆತ ಬೇರೆ ಜಾಗಕ್ಕೆ ಹೋಗುತ್ತದೆ, ಇನ್ನೆರಡು ವರ್ಷ ಬರುತ್ತದೆ.

ಎಂಜಿನ್

ಎಣ್ಣೆ ಬದಲಿಸುವುದು ಬಂದ ಮೇಲಲ್ಲ, ಊರಿಗೆ ಹೋಗುವ ಮೊದಲು. ಹಳೆ ಎಣ್ಣೆಯ ಆಮ್ಲ ನಾಲ್ಕು ತಿಂಗಳು ಒಳಗೆ ಕೂರಬಾರದು. ಡೀಸೆಲ್ ಟ್ಯಾಂಕನ್ನೂ ತುಂಬಿಸಿಯೇ ಹೋಗಬೇಕು. ಖಾಲಿ ಜಾಗದಲ್ಲಿ ಗಾಳಿಯ ತೇವ ನೀರಾಗಿ, ಆ ನೀರಿನಲ್ಲಿ ಡೀಸೆಲ್ ತಿನ್ನುವ ಸೂಕ್ಷ್ಮಜೀವಿ ಬೆಳೆಯುತ್ತದೆ. ಬಂದ ಮೇಲೆ ಫಿಲ್ಟರಿನ ಕೆಳಗಿನ ಗಾಜಿನ ಬಟ್ಟಲು ನೋಡಿ. ನೀರು ಇಳಿಸಿ. ಕಪ್ಪು ಲೋಳೆ ಕಂಡರೆ ಟ್ಯಾಂಕ್ ತೊಳೆಸದೆ ಗತಿಯಿಲ್ಲ. ಅದು ಫಿಲ್ಟರ್ ಕಟ್ಟಿಸುವುದು ಅಲೆ ಎದ್ದು ಟ್ಯಾಂಕ್ ಕಲಕಿದಾಗಲೇ.

ನೀರಿನ ಪಂಪಿನೊಳಗೆ ತಿರುಗುವ ರೆಕ್ಕೆಚಕ್ರ, ಅಂದರೆ ಇಂಪೆಲ್ಲರ್, ರಬ್ಬರಿನದು. ಒಂದೇ ಭಂಗಿಯಲ್ಲಿ ತಿಂಗಳುಗಟ್ಟಲೆ ಇದ್ದರೆ ಸೆಟೆದುಕೊಳ್ಳುತ್ತದೆ. ಹೊಸದು ಹಾಕಿ, ಹಳೆಯದರ ರೆಕ್ಕೆ ಎಣಿಸಿ. ಒಂದು ಕಡಿಮೆ ಇದ್ದರೆ ಆ ತುಂಡು ಮುಂದಿನ ಪೈಪಿನಲ್ಲಿ ಎಲ್ಲೋ ಸಿಕ್ಕಿದೆ. ಸಿಗುವ ತನಕ ಹುಡುಕಿ.

ಎಂಜಿನ್ ಹತ್ತಲಿಲ್ಲ ಎಂದು ಸ್ಟಾರ್ಟರ್ ಒತ್ತುತ್ತಲೇ ಇರಬೇಡಿ. ಪ್ರತಿ ಸಲವೂ ಪಂಪ್ ನೀರು ಎಳೆಯುತ್ತದೆ. ಹೊಗೆ ಇಲ್ಲದ ಕಾರಣ ಅದು ಹೊರಗೆ ಹೋಗದೆ ಸೈಲೆನ್ಸರ್ ತುಂಬಿ ಎಂಜಿನ್ನಿನ ಒಳಕ್ಕೇ ಬರುತ್ತದೆ. ಎರಡು ಮೂರು ಪ್ರಯತ್ನಕ್ಕೆ ಹತ್ತದಿದ್ದರೆ ನೀರಿನ ನಲ್ಲಿ ಮುಚ್ಚಿ ಪ್ರಯತ್ನಿಸಿ. ಹತ್ತಿದ ತಕ್ಷಣ ತೆರೆಯಿರಿ. ನಲ್ಲಿ ಮುಚ್ಚಿದಾಗಲೆಲ್ಲ ಎಂಜಿನ್ ಕೀಯನ್ನು ಆ ನಲ್ಲಿಗೇ ನೇತುಹಾಕುವುದು ನಮ್ಮ ಅಭ್ಯಾಸ. "ರೀ, ಕೀ ಎಲ್ಲಿ?" ಎಂದು ಕೇಳುವ ಹೊತ್ತಿಗೇ ನಲ್ಲಿ ಮುಚ್ಚಿದೆ ಎಂದು ನೆನಪಾಗುತ್ತದೆ.

ಲಂಗರು

ಸರಪಳಿಯನ್ನು ಪೂರ್ತಿ ನೆಲಕ್ಕೆ ಇಳಿಸಿ ಉದ್ದಕ್ಕೆ ಹಾಸಿ. ತುಕ್ಕು ಹಿಡಿದ ಕೊಂಡಿಗಳು ಒಂದೇ ತುದಿಯಲ್ಲಿದ್ದರೆ ಸರಪಳಿ ತಿರುಗಿಸಿ ಹಾಕಿ. ಕೊಂಡಿ ಸವೆದು ತೆಳ್ಳಗಾಗಿದ್ದರೆ ಹೊಸದು. ಹತ್ತು ಹತ್ತು ಮೀಟರಿಗೆ ಬಣ್ಣದ ಗುರುತು ಹಾಕಿ. ಯಾವ ಬಣ್ಣ ಎಷ್ಟು ಎಂದು ಇಬ್ಬರಿಗೂ ಗೊತ್ತಿರಲಿ. ನಾವು ಆಳದ ಐದು ಪಟ್ಟು ಸರಪಳಿ ಬಿಡುತ್ತೇವೆ, ಗಾಳಿ ಹೆಚ್ಚಿದರೆ ಏಳು. ಲಂಗರನ್ನು ಸರಪಳಿಗೆ ಸೇರಿಸುವ ಕೊಂಡಿ, ಅಂದರೆ ಶ್ಯಾಕಲ್ಲಿನ ಪಿನ್ನನ್ನು ತಂತಿ ಸುತ್ತಿ ಭದ್ರ ಮಾಡಿ. ದೋಣಿಯೊಳಗಿನ ತುದಿಯನ್ನು ಬೋಲ್ಟಿಗೆ ಹಾಕದೆ ಹಗ್ಗದಲ್ಲಿ ಕಟ್ಟಿ. ಆ ಹಗ್ಗ ಡೆಕ್ಕಿನ ಮೇಲೆ ಬರುವಷ್ಟು ಉದ್ದ ಇರಲಿ. ಮಧ್ಯರಾತ್ರಿ ಇನ್ನೊಂದು ದೋಣಿ ಜಾರಿ ನಿಮ್ಮ ಮೇಲೆ ಬಂದರೆ ಚಾಕುವಿನಿಂದ ಕತ್ತರಿಸಿ ಓಡಬಹುದು.

ನೀರು, ಗ್ಯಾಸ್, ಅಡುಗೆ

ಕುಡಿಯುವ ನೀರಿನ ಟ್ಯಾಂಕಿಗೆ 100 ಲೀಟರಿಗೆ 100 ಮಿಲಿ ಲೆಕ್ಕದಲ್ಲಿ, ಪರಿಮಳ ಇಲ್ಲದ 5 ಶೇಕಡಾ ಬ್ಲೀಚ್ ಹಾಕಿ. ಎಲ್ಲ ನಲ್ಲಿಯಲ್ಲೂ ವಾಸನೆ ಬರುವ ತನಕ ಬಿಟ್ಟು, ಒಂದು ರಾತ್ರಿ ಇಟ್ಟು, ಚೆಲ್ಲಿ, ಎರಡು ಸಲ ತೊಳೆಯಿರಿ. ಕುಡಿಯುವ ನೀರಲ್ಲ ಇದು. ಸಮುದ್ರದ ನೀರು ಸಿಹಿ ಮಾಡುವ ವಾಟರ್‌ಮೇಕರ್ ಇದ್ದರೆ ಅದರ ಪೊರೆಗೆ ಕ್ಲೋರಿನ್ ಒಂದು ಹನಿಯೂ ತಾಗಬಾರದು.

ಊರಲ್ಲಿ ಸಿಲಿಂಡರ್ ಬದಲಿಸಿದಾಗ ಸೋಪಿನ ನೊರೆ ಹಚ್ಚಿ ನೋಡುತ್ತಿದ್ದೆವಲ್ಲ, ಇಲ್ಲೂ ಅಷ್ಟೇ. ವ್ಯತ್ಯಾಸ ಒಂದೇ. ಗ್ಯಾಸ್ ಗಾಳಿಗಿಂತ ಭಾರ. ಮನೆಯಲ್ಲಾದರೆ ಬಾಗಿಲ ಕೆಳಗಿನಿಂದ ಹೊರಗೆ ಹೋಗುತ್ತದೆ, ದೋಣಿಯಲ್ಲಿ ತಳದಲ್ಲೇ ಕೂತು ಕಿಡಿಗೆ ಕಾಯುತ್ತದೆ.

ಸಾಮಾನು ತುಂಬುವುದು ನನಗಿಷ್ಟದ ಕೆಲಸ. ಅವಲಕ್ಕಿ, ರವೆ, ಚಟ್ನಿಪುಡಿ, ಸಾರಿನ ಪುಡಿ ಊರಿನಿಂದಲೇ ಬಂದಿರುತ್ತವೆ. ಉಳಿದದ್ದು ಇಲ್ಲೇ ಸಿಗುತ್ತದೆ. ಗ್ರೆನಾಡಾದವರು ಕಲಾಲೂ ಎಂದು ಮಾಡುವುದು ಕೆಸುವಿನ ಎಲೆಯಲ್ಲಿ. ಅವರ ರಾಷ್ಟ್ರೀಯ ಅಡುಗೆ ಆಯಿಲ್ ಡೌನ್‌ಗೆ ಬೀಳುವುದು ಜೀಗುಜ್ಜೆ, ತೆಂಗಿನ ಹಾಲು, ಅರಿಶಿನ. ಸೇಂಟ್ ಜಾರ್ಜಸ್ ಮಾರುಕಟ್ಟೆಯಲ್ಲಿ ಕೆಸುವಿನ ಎಲೆಯ ಕಟ್ಟು ನೋಡಿ ಪತ್ರೊಡೆ ಮಾಡದೆ ಬಂದದ್ದೇ ಇಲ್ಲ. ಅಲೆಯಲ್ಲಿ ಅಡುಗೆಗೆ ಪ್ರೆಶರ್ ಕುಕ್ಕರ್‌ಗಿಂತ ಒಳ್ಳೆಯ ಪಾತ್ರೆ ಇಲ್ಲ. ಮುಚ್ಚಳ ಬಿಗಿ, ಚೆಲ್ಲುವುದಿಲ್ಲ, ಗ್ಯಾಸೂ ಉಳಿತಾಯ. ಹೊಸ ಗ್ಯಾಸ್ಕೆಟ್ ಎರಡು ತಂದಿಡಿ.

ಜೀವ ಉಳಿಸುವ ಸಾಮಾನು

ಇದರಲ್ಲಿ ಜಾಣತನ ಬೇಡ, ತಾರೀಕು ನೋಡಿದರೆ ಸಾಕು. ಲೈಫ್‌ರಾಫ್ಟ್ ಸರ್ವಿಸ್, ಅಪಾಯದಲ್ಲಿ ಬೆಳಕಿನ ಸಂಕೇತ ಕೊಡುವ ಫ್ಲೇರ್, ಬೆಂಕಿ ಆರಿಸುವ ಸಿಲಿಂಡರ್, ಉಪಗ್ರಹಕ್ಕೆ ಸಂಕೇತ ಕಳಿಸುವ ಇಪರ್ಬ್‌ನ ಬ್ಯಾಟರಿ. ಇಪರ್ಬ್ ನೋಂದಣಿಯಲ್ಲಿ ಊರಿನ ಯಾರ ಫೋನ್ ನಂಬರ್ ಇದೆ ಎಂದು ನೋಡಿ. ಅವರು ನಂಬರ್ ಬದಲಿಸಿರಬಹುದು. ಗಾಳಿ ತುಂಬುವ ಲೈಫ್ ಜಾಕೆಟ್ಟನ್ನು ಬಾಯಲ್ಲಿ ಊದಿ ಒಂದು ದಿನ ಬಿಡಿ. ಮೆತ್ತಗಾದರೆ ತೂತಿದೆ.

ನೀರಿಗಿಳಿಸುವ ದಿನ

ದೋಣಿ ಪಟ್ಟಿಯಲ್ಲಿ ತೂಗುತ್ತಾ ನೀರಿಗೆ ಮುಟ್ಟಿದಾಗ ಕ್ರೇನಿನವರಿಗೆ ಹತ್ತು ನಿಮಿಷ ಹೀಗೇ ಹಿಡಿದಿರಿ ಎಂದು ಹೇಳಿ. ನಾಚಿಕೆ ಬೇಡ. ಒಬ್ಬರು ಟಾರ್ಚ್ ಹಿಡಿದು ಏಳೂ ನಲ್ಲಿ ಮುಟ್ಟಿ ನೋಡಿ, ಶಾಫ್ಟ್ ಸೀಲ್ ಹಿಸುಕಿ. ಇನ್ನೊಬ್ಬರು ಎಂಜಿನ್ ಹಚ್ಚಿ ಹಿಂದಿನಿಂದ ನೀರು ಉಗಿಯುತ್ತಿದೆಯಾ ನೋಡಿ. ಮುಂದಕ್ಕೆ, ಹಿಂದಕ್ಕೆ ಗೇರ್ ಹಾಕಿ. ಎಲ್ಲ ಸರಿ ಎಂದ ಮೇಲೆ ಪಟ್ಟಿ ಬಿಡಿಸಿ.

ದೂರ ಹೋಗಬೇಡಿ. ಪ್ರಿಕ್ಲಿ ಬೇ ಅಥವಾ ಹಾಗ್ ಐಲೆಂಡ್ ಹತ್ತಿರ ಒಂದು ವಾರ ಲಂಗರು ಹಾಕಿ. ಈಗ ಎರಡನೇ ಪಟ್ಟಿ ತೆಗೆಯಿರಿ, ವಾರ್ನಿಶ್ ಡಬ್ಬಿಯನ್ನೂ. ಒಂದು ದಿನ ಹಾಯಿ ಎತ್ತಿ ಗಾಳಿಗೆ ಎದುರಾಗಿ ಅರ್ಧ ದಿನ ಓಡಿಸಿ. ಇನ್ನೊಂದು ದಿನ ಜಾಗ ಬದಲಿಸಿ, ಲಂಗರು ನಾನು ಹಾಕಿದರೆ ಚುಕ್ಕಾಣಿ ಇವರು, ಮರುದಿನ ತಿರುಗುಮುರುಗು. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ದೋಣಿಯನ್ನು ದಡ ಸೇರಿಸಬೇಕು. ರಾತ್ರಿ ಸಣ್ಣ ರಬ್ಬರ್ ದೋಣಿಯನ್ನು ನೀರಲ್ಲಿ ಬಿಡದೆ ಮೇಲೆತ್ತಿ ಬೀಗ ಹಾಕಿ.

ಹೊರಡುವ ಮುನ್ನ ದೋಣಿಗಳು ದೇಶದ ಒಳಗೆ ಬರುವ, ಹೊರಗೆ ಹೋಗುವ ಕಾಗದಪತ್ರದ ಆನ್‌ಲೈನ್ ತಾಣ ಸೇಲ್‌ಕ್ಲಿಯರ್‌ನಲ್ಲಿ ವಿವರ ತುಂಬಿಸಿ. ಕ್ಯಾರಿಯಕೂ ಗ್ರೆನಾಡಾ ದೇಶಕ್ಕೇ ಸೇರಿದ್ದು, ಹಾಗಾಗಿ ದೇಶ ಬಿಡುವ ಕಾಗದವನ್ನು ಅಲ್ಲೂ ಮಾಡಿಸಬಹುದು. ಸೇಂಟ್ ಜಾರ್ಜಸ್‌ನಿಂದ ಕ್ಯಾರಿಯಕೂವಿನ ಟಿರೆಲ್ ಬೇಗೆ ಸುಮಾರು 30 ನಾಟಿಕಲ್ ಮೈಲಿ. ಅರ್ಧ ದಾರಿ ದ್ವೀಪದ ಮರೆ, ಆಮೇಲೆ ಗಾಳಿ, ನೀರಿನ ಸೆಳೆತ ಎರಡೂ ಎದುರು. ಬೆಳಕು ಹರಿಯುವ ಮೊದಲೇ ಲಂಗರು ಎತ್ತಿ. ಗ್ರೆನಾಡಾದ ಉತ್ತರಕ್ಕೆ ಸುಮಾರು 8 ಕಿಲೋಮೀಟರ್‌ನಲ್ಲಿ ನೀರೊಳಗೆ ಕಿಕ್ ಎಮ್ ಜೆನಿ ಎಂಬ ಜ್ವಾಲಾಮುಖಿ ಇದೆ. ಅದರ ಸುತ್ತ 1.5 ಕಿಲೋಮೀಟರ್ ಒಳಗೆ ಯಾವತ್ತೂ ಹೋಗುವಂತಿಲ್ಲ, ಎಚ್ಚರಿಕೆಯ ಮಟ್ಟ ಏರಿಸಿದಾಗ 5 ಕಿಲೋಮೀಟರ್. ಹೊರಡುವ ದಿನ ಬೆಳಗ್ಗೆ ಮಟ್ಟ ಎಷ್ಟಿದೆ ನೋಡಿಕೊಂಡು ಚಾರ್ಟಿನಲ್ಲಿ ವೃತ್ತ ಎಳೆಯಿರಿ.

ಟಿರೆಲ್ ಬೇಯಲ್ಲಿ ಲಂಗರು ಕಚ್ಚಿತು ಎಂದು ಖಾತ್ರಿಯಾದ ಮೇಲೆ ನೆಲದ ಹಲಗೆ ಎತ್ತಿ ದೋಣಿಯ ತಳಕ್ಕೆ ಟಾರ್ಚ್ ಬಿಡಿ. ನೀರಿದ್ದರೆ ನಾಲಿಗೆಗೆ ಒಂದು ಹನಿ. ಉಪ್ಪಾಗಿದ್ದರೆ ಏಳು ನಲ್ಲಿಗಳ ಕಡೆ ವಾಪಸ್. ಸಿಹಿಯಾಗಿದ್ದರೆ ಟ್ಯಾಂಕಿನ ಪೈಪ್, ನಾಳೆ ನೋಡಿದರಾಯಿತು. ಒಣಗಿದ್ದರೆ ಕುಕ್ಕರ್ ಇಡಿ.